ಕಿಟಕಿಯ ಬೆಳಕಿಗೆ ಹಿಡಿದ ಹಾಳೆ

ನವೆಂಬರ್ ೧೮, ಮಂಗಳವಾರ. ಮಕ್ತಲ್.

ಸೀರೆ ನೋಡುವ ಹಾಗೆ ನೋಡಿದೆ, ಅದೇ ತಪ್ಪು. ಹದಿನೈದು ವರ್ಷ ಮಗ್ಗದ ಅಭ್ಯಾಸ; ಈಗ ಬೋರ್ಡಿನ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸ. ರಸ್ತೆ ಬೋರ್ಡಿಗೆ ಅಂಟಿಸುವ ಹೊಳೆಯುವ ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿ ಪಾಸ್ ಮಾಡಿಬಿಟ್ಟೆ. ಸಂಜೆ ಉಳಿದ ತುಂಡನ್ನು ಮನೆಗೆ ತಂದು ಕತ್ತಲೆಯಲ್ಲಿಟ್ಟು, ಕಣ್ಣಿನ ಪಕ್ಕ ಟಾರ್ಚ್ ಹಿಡಿದು ನೋಡಿದರೆ ಅರ್ಧ ಕಪ್ಪು. ಹಾಳೆಯೊಳಗಿನ ಗಾಜಿನ ಮಣಿಗಳಿಗೂ ಹಿಂದಿನ ಬೆಳ್ಳಿಬಣ್ಣದ ಲೇಪಕ್ಕೂ ನಡುವಿನ ಪದರ ದಪ್ಪವಾಗಿದೆ. ಬಿದ್ದ ಬೆಳಕು ಬಂದ ದಾರಿಗೆ ಮರಳುತ್ತಿಲ್ಲ; ರಾತ್ರಿ ಗಾಡಿಯ ದೀಪಕ್ಕೆ ಬೋರ್ಡು ಕಾಣುವುದಿಲ್ಲ.

ಸೂಪರ್‌ವೈಸರ್ ಮೊಗುಲಪ್ಪನವರಿಗೆ ಫೋನ್ ಮಾಡಿದೆ.

"ಜೂರಾಲ ತಿರುವಿನ ಬೋರ್ಡಿಗೆ ಮಧ್ಯಾಹ್ನನೇ ಹಚ್ಯಾರವ್ವ. ಮುಂಜಾನಿ ಹೋಗಿ ನೋಡಾಮು."

"ಮುಂಜಾನಿ ಚಂದನೇ ಕಾಣತೈತ್ರಿ, ಅಣ್ಣ! ಈಗ ಹೋಗ್ರಿ!"

ಫೋನ್ ಇಟ್ಟುಬಿಟ್ಟರು.

ನಮ್ಮ ಮನೆಯವರು ಗದ್ವಾಲದಿಂದ ಬೈಕಿನಲ್ಲಿ ಹೊರಟಿದ್ದು ಏಳಕ್ಕೆ, ಗಂಟೆಯೊಳಗಿನ ದಾರಿ. ಅದೇ ತಿರುವಿನಲ್ಲಿ ಬರಬೇಕು. ಈಗ ಒಂಬತ್ತು. ಮೂರು ಬೈಕು ಮನೆ ದಾಟಿ ಹೋದವು, ಒಂದೂ ನಿಲ್ಲಲಿಲ್ಲ.