ಪಕ್ಕದ ದೋಣಿ ಅಲ್ಲೇ ಇದೆ

ದೋಣಿಮನೆ, ಅಲೆ ತಡೆಯುವ ಕಲ್ಲುಗೋಡೆಯ ಒಳಬದಿ
ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ನನ್ನವರೇ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಆ ಹೂಳೆತ್ತುವ ಹಡಗಿನ ಮಂಚ ನಿಮ್ಮ ಕಾಲಿಗೆ ಸಾಲುವುದಿಲ್ಲ ಎಂದು ಬರೆದಿದ್ದಿರಿ. ಬಡಗಿಗೆ ಹೇಳಿ ಸರಿಮಾಡಿಸಿಕೊಂಡಿರಾ, ಇಲ್ಲ ಸಂಕೋಚಪಟ್ಟುಕೊಂಡು ಮುದುಡಿಯೇ ಮಲಗುತ್ತಿದ್ದೀರಾ? ನಿಮ್ಮ ಸಂಗತಿ ನನಗೆ ಗೊತ್ತಿಲ್ಲವೇ! ಕಬ್ಬಿಣವನ್ನು ಕಬ್ಬಿಣಕ್ಕೆ ಬೆಸೆಯುತ್ತೀರಿ, ಬಾಯಿಬಿಟ್ಟು ಒಂದು ಹಲಗೆ ಕೇಳುವುದಕ್ಕೆ ಮಾತ್ರ ಜೀವ ಹೋಗುತ್ತದೆ. ಕೇಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾವು ಮೂವರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನೀವು ಅರ್ಧದಲ್ಲೇ ಎದ್ದು ಚೀಲ ಕಟ್ಟಬಾರದು. ಪಾಪಚ್ಚಿಗೆ ಮೇಲಿನ ಹಲ್ಲು ಬರುತ್ತಿದೆ. ಚಮಚ, ಹಗ್ಗದ ತುದಿ, ನನ್ನ ಹೆಗಲು, ಯಾವುದಾದರೂ ಸರಿ, ಕಚ್ಚುತ್ತಾಳೆ. ಅವಳು ಮಲಗಿದಾಗ ನನಗೆ ನಿದ್ದೆ ಬರುವುದಿಲ್ಲ, ನನಗೆ ನಿದ್ದೆ ಬಂದಾಗ ಅವಳು ಏಳುತ್ತಾಳೆ. ಕಾಲೇಜಿನಲ್ಲಿ ಪರೀಕ್ಷೆಗೆ ಓದುವಾಗ ನಿದ್ದೆಗೆಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಈಗ ಮನೆಯಲ್ಲೇ ಒಬ್ಬಳು ಹುಟ್ಟಿದ್ದಾಳೆ.

ಮಾವ ನನ್ನ ಎದುರಿಗೇ ಕೂತಿದ್ದಾರೆ. ಪತ್ರ ಮುಗಿಸಿದ ಮೇಲೆ ಪೂರ್ತಿ ಓದಿ ಹೇಳಬೇಕಂತೆ. "ನನ್ನ ಮೇಲೆ ಏನೇನು ಚಾಡಿ ಹೇಳಿದ್ದೀಯೋ ಗೊತ್ತಾಗ್ಲಿ" ಎನ್ನುತ್ತಾರೆ. ಹೇಳುವುದಿದೆ. ಬುಧವಾರ ನಮ್ಮ ದೋಣಿ ಲಂಗರನ್ನೂ ಎಳೆದುಕೊಂಡು ಜಾರಿತು. ನಿಮ್ಮ ಹಡಗಿಗೆ ಫೋನ್ ಸಿಗುವುದಿಲ್ಲವೆಂದು ಸಾಮಾನಿನ ಬೋಟಿನವರ ಕೈಲಿ ಈ ಪತ್ರ ಕಳಿಸುತ್ತಿದ್ದೇನಲ್ಲ, ಅದೇ ಬೋಟಿನಲ್ಲಿ ಐಸ್ ಫ್ಯಾಕ್ಟರಿಯ ಮೇಸ್ತ್ರಿಯೂ ಬರುತ್ತಾನೆ. ಅವನ ಬಾಯಲ್ಲಿ ನಾವು ಮುಳುಗಿ ಎದ್ದು ಬಂದಿರುತ್ತೇವೆ. ಅವನ ಉಪ್ಪುಖಾರ ಹತ್ತುವ ಮೊದಲು ನನ್ನಿಂದಲೇ ನೀವು ಕೇಳಬೇಕು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾತಿಲ್ಲ, ದಡದಲ್ಲಿ ಅಕ್ಕನ ಮನೆ ಹಿಂದಿನ ಕೋಣೆಗೆ ಹೋಗಿಬಿಡಬೇಕು, ದೋಣಿ ಮಾರಿಬಿಡೋಣ" ಎಂದು ಹೊರಡುವಾಗ ನನ್ನಿಂದ ಮಾತು ತೆಗೆದುಕೊಂಡಿದ್ದಿರಿ. ಹೆಚ್ಚುಕಮ್ಮಿ ಆಯಿತು. ಆದರೂ ನಾವು ಇಲ್ಲೇ ಇದ್ದೇವೆ, ಇರುತ್ತೇವೆ ಕೂಡ. ಯಾಕೆ ಅನ್ನುವುದನ್ನು ಪೂರ್ತಿ ಓದಿ, ಆಮೇಲೆ ಕೋಪ ಮಾಡಿಕೊಳ್ಳಿ.

ನನ್ನ ಗುರುತುಗಳ ಹುಚ್ಚು ನಿಮಗೆ ಗೊತ್ತೇ ಇದೆ. ಅಡುಗೆ ಕಿಟಕಿಯಿಂದ ನೋಡಿದರೆ ದಡದಲ್ಲಿ ಐಸ್ ಫ್ಯಾಕ್ಟರಿಯ ಚಿಮಣಿ, ಅದರ ಹಿಂದೆ ದೂರದಲ್ಲಿ ಗುಡ್ಡದ ಮೇಲಿನ ನೀರಿನ ಟ್ಯಾಂಕು. ದೋಣಿ ತನ್ನ ಜಾಗದಲ್ಲಿದ್ದರೆ ಚಿಮಣಿ ಸರಿಯಾಗಿ ಟ್ಯಾಂಕಿನ ನಡುವೆ ಗೆರೆ ಎಳೆದ ಹಾಗೆ ನಿಂತಿರುತ್ತದೆ. ದೋಣಿ ಸರಿದರೆ ಹತ್ತಿರದ್ದೂ ದೂರದ್ದೂ ಒಂದನ್ನೊಂದು ಬಿಟ್ಟು ಹೋಗುತ್ತವೆ. ಗಾಳಿಗೆ ದೋಣಿ ಅತ್ತಿತ್ತ ತೂಗುವುದು ಇದ್ದದ್ದೇ, ಆಗಲೂ ಟ್ಯಾಂಕು ಸ್ವಲ್ಪ ಸರಿಯುತ್ತದೆ, ಆದರೆ ಮತ್ತೆ ಬಂದು ಚಿಮಣಿಯ ಹಿಂದೆ ನಿಲ್ಲುತ್ತದೆ. ಹೋದದ್ದು ವಾಪಸ್ ಬಂದರೆ ತೂಗಾಟ, ಬಾರದಿದ್ದರೆ ಜಾರಾಟ. ಇಷ್ಟೇ ನನ್ನ ಶಾಸ್ತ್ರ. ದೋಣಿ ಜಾಗ ಬಿಟ್ಟರೆ ಕೂಗಲೆಂದು ಫೋನಿನಲ್ಲಿ ನೀವು ಹಾಕಿಕೊಟ್ಟ ಅಲಾರಂ ಇದೆ ನಿಜ. ಆದರೆ ತೂಗಿದ್ದಕ್ಕೆಲ್ಲ ಅದು ಬೊಬ್ಬೆ ಹೊಡೆಯಬಾರದೆಂದು ಅದರ ಸುತ್ತಳತೆಯನ್ನು ಅಷ್ಟು ಅಗಲ ಇಟ್ಟಿದ್ದೀರಿ, ಅದು ಬಾಯಿ ತೆಗೆಯುವ ಹೊತ್ತಿಗೆ ಕಲ್ಲುಗೋಡೆಗೆ ನಮಸ್ಕಾರ ಹೇಳಿರುತ್ತೇವೆ. ಮಾವ ನನ್ನನ್ನು "ಏನಮ್ಮಾ ಕಾವಲುಗಾತಿ, ಚಿಮಣಿ ಇದೆಯಾ, ಓಡಿಹೋಯ್ತಾ?" ಎಂದು ದಿನವೂ ಛೇಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನೋಡಿ ಬಂದು ವರದಿ ಒಪ್ಪಿಸುತ್ತಿದ್ದೆ.

ಬುಧವಾರ ಬೆಳಿಗ್ಗೆ ಗಾಳಿ ದಡದ ಕಡೆಯಿಂದ ತಿರುಗಿ ನಮ್ಮನ್ನು ಕಲ್ಲುಗೋಡೆಯತ್ತ ತಳ್ಳತೊಡಗಿತು. ಪಾಪಚ್ಚಿಗೆ ಬಾಳೆಹಣ್ಣು ಕಿವುಚಿ ತಿನ್ನಿಸುತ್ತಿದ್ದೆ. ನೋಡುತ್ತೇನೆ, ಟ್ಯಾಂಕು ಚಿಮಣಿಯನ್ನು ಬಿಟ್ಟು ಪೂರ್ತಿ ಆಚೆ ನಿಂತಿದೆ. ಬರುತ್ತದೆ ಎಂದು ಕಾದೆ. ಇನ್ನೊಂದು ತುತ್ತು, ಮತ್ತೊಂದು ತುತ್ತು. ಬರಲಿಲ್ಲ. ನಡುವೆ ಆಕಾಶ ಕಾಣಿಸಿತು. ಅಷ್ಟೇ ಅಲ್ಲ, ಗಾಳಿಗೆ ಮೂತಿ ಕೊಟ್ಟು ನಿಲ್ಲಬೇಕಾದ ದೋಣಿ ಪಕ್ಕೆ ಕೊಟ್ಟು ನಿಂತಿತ್ತು. ಮಾವನಿಗೆ ಕೂಗಿ ಹೇಳಿದೆ. ಅವರು ಮೇಲೆ ಹಗ್ಗ ಹೆಣೆಯುತ್ತಿದ್ದರು, ತಲೆ ಕೂಡ ಎತ್ತಲಿಲ್ಲ. "ನಿದ್ದೆಗೆಟ್ಟ ಕಣ್ಣಿಗೆ ಟ್ಯಾಂಕೂ ನಡೀತದೆ, ಚಿಮಣಿಯೂ ನಡೀತದೆ. ಪಕ್ಕದ ದೋಣಿ ಅಲ್ಲೇ ಇದೆಯಲ್ಲಮ್ಮಾ!" ಎಂದರು. ನೋಡಿದೆ. ಪಕ್ಕದ ದೋಣಿ ನಿಜವಾಗಿಯೂ ಅಲ್ಲೇ ಇತ್ತು. ದೋಣಿಗಳಿಗೆ ಹೆಸರು ಬರೆಯುವ ನಮ್ಮ ಪೇಂಟರ್ ತನ್ನ ಅಂಗಿ ಒಣಹಾಕುತ್ತಿದ್ದ. ನಮ್ಮಿಬ್ಬರ ನಡುವಿನ ಅಂತರ ಒಂದು ಗೇಣೂ ಹೆಚ್ಚಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಅವನನ್ನೇ ಕೂಗಿ ಕೇಳಿದೆ. "ಅಕ್ಕಾ, ನೀವಿದ್ದಲ್ಲೇ ಇದ್ದೀರಿ, ನಾನೂ ಇದ್ದಲ್ಲೇ ಇದ್ದೀನಿ, ಆರಾಮಾಗಿರಿ" ಎಂದು ಕ್ಲಿಪ್ಪು ಕಚ್ಚಿಕೊಂಡೇ ಹೇಳಿದ.

ಒಂದು ಕ್ಷಣ ನನಗೂ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಮಾವ ನನಗಿಂತ ಹಳಬರು, ಪೇಂಟರ್ ಕುಡಿದವನಲ್ಲ, ಇಬ್ಬರೂ ಸರಿ ಎನ್ನುವಾಗ ನಿದ್ದೆಯಿಲ್ಲದ ನಾನೊಬ್ಬಳು ಅಲ್ಲ ಎನ್ನುವುದು ಹೇಗೆ? ಆದರೆ ಚಿಮಣಿಗೆ ಕಾಲಿಲ್ಲ. ಹಾಗಾದರೆ ಉಳಿದದ್ದು ಒಂದೇ, ನಾವೂ ಪೇಂಟರನೂ ಜೊತೆಗೇ ಜಾರುತ್ತಿದ್ದೇವೆ. ತೂಕಡಿಸುವ ಇಬ್ಬರು ಒಬ್ಬರ ಹೆಗಲಿಗೊಬ್ಬರು ಒರಗಿ, ನಾವು ನೆಟ್ಟಗೆ ಕೂತಿದ್ದೇವೆ ಎಂದುಕೊಂಡ ಹಾಗೆ! ಪಾಪಚ್ಚಿಯನ್ನು ಸೊಂಟಕ್ಕೇರಿಸಿಕೊಂಡು ಮೇಲೆ ಹೋದೆ. "ಮಾವಾ, ಒಂದು ಸಲ ಸರಪಳಿ ಮುಟ್ಟಿ ನೋಡಿ. ಏನೂ ಇಲ್ಲ ಅಂದ್ರೆ ಇನ್ನು ಜನ್ಮದಲ್ಲಿ ಚಿಮಣಿ ಸುದ್ದಿ ಎತ್ತಲ್ಲ" ಎಂದೆ. ನನ್ನ ಕಾಟ ತಪ್ಪಿಸಿಕೊಳ್ಳಲು ಅಂಗೈ ಇಟ್ಟರು. ಲಂಗರು ಕಚ್ಚಿಕೊಂಡಿದ್ದರೆ ಸರಪಳಿ ಬಿಗಿಯುತ್ತದೆ, ಸಡಿಲುತ್ತದೆ, ಅಷ್ಟೇ. ಅವತ್ತು ಅದು ಗೊರಗೊರ ಎನ್ನುತ್ತಿತ್ತು, ಕಲ್ಲುನೆಲದ ಮೇಲೆ ಕಪಾಟು ಎಳೆದ ಹಾಗೆ. ಮಾವನ ಮುಖ ನೋಡಬೇಕಿತ್ತು. ಹಗ್ಗ ಅಲ್ಲೇ ಬಿಸಾಕಿ, "ಇಂಜಿನ್ ಹಾಕು ಮಗಳೇ" ಎಂದರು. ಕೇಳಿದಿರಾ? ಅಮ್ಮಾ ಅಲ್ಲ, ಮಗಳೇ!

ಇನ್ನಷ್ಟು ಸರಪಳಿ ಬಿಡೋಣವೆಂದರೆ ಹಿಂದೆಯೇ ಕಲ್ಲುಗೋಡೆ, ಅದರ ಪಾಚಿ ಕಾಣುವಷ್ಟು ಹತ್ತಿರ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಇಂಜಿನ್ ಚಾಲೂ ಮಾಡಿದೆ. ಮೊದಲ ಎಳೆತಕ್ಕೇ ಹಿಡಿಯಿತು, ನೀವು ಹೋಗುವ ಮೊದಲು ಸರ್ವೀಸ್ ಮಾಡಿಟ್ಟಿದ್ದು ಸಾರ್ಥಕ. ನಾನು ಮೆಲ್ಲಗೆ ಮುಂದಕ್ಕೆ ಒಯ್ದೆ, ಮಾವ ಸರಪಳಿ ಎಳೆದರು. ಅರ್ಧ ಬರುವಷ್ಟರಲ್ಲಿ ಸಂಗತಿ ಬಯಲಾಯಿತು. ಪೇಂಟರನ ಪುಟ್ಟ ಲಂಗರು ನಮ್ಮ ಸರಪಳಿಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಅವನದು ನೆಲವನ್ನೇ ಮುಟ್ಟಿರಲಿಲ್ಲ, ನಮ್ಮದು ಎರಡು ಸಂಸಾರದ ಭಾರ ಹೊತ್ತು ಕೆಸರಲ್ಲಿ ತೆವಳುತ್ತಿತ್ತು. ಪೇಂಟರ್ ಅಂಗಿಯನ್ನೂ ಮರೆತು ತನ್ನ ಇಂಜಿನ್ ಹಾಕಿದ. ಮಾವ ಕೊಕ್ಕೆಕೋಲಿನಿಂದ ಅವನದನ್ನು ಎತ್ತಿಹಿಡಿದು ಬಿಡಿಸಿದ ಚಂದ ಇದೆಯಲ್ಲ, ನಾನೂ ನೀವೂ ಸೇರಿದರೂ ಆಗುತ್ತಿರಲಿಲ್ಲ. ಅಷ್ಟರ ನಡುವೆಯೂ ನನಗೆ ಪರೀಕ್ಷೆ ಬೇರೆ. "ಚಿಮಣಿ ಈಗ ಎಲ್ಲಿದೆ? ಟ್ಯಾಂಕು ಯಾವ ಕಡೆ? ಸರಿಯಾಗಿ ಹೇಳು" ಎಂದು ಬಿಡದೆ ಕೇಳುತ್ತಿದ್ದರು. ನಾನು ಕೂಗಿ ಹೇಳುತ್ತಲೇ ಇದ್ದೆ, ಒಂದೂ ತಪ್ಪಲಿಲ್ಲ. ಗೋಡೆಯಿಂದ ದೂರ, ಹೊಸ ಜಾಗದಲ್ಲಿ ಲಂಗರು ಬಿಟ್ಟೆವು. ಹಿಂದಕ್ಕೆ ಇಂಜಿನ್ ಕೊಟ್ಟು ಎಳೆದು ನೋಡಿದೆವು. ಸರಪಳಿ ಉಸಿರೆತ್ತಲಿಲ್ಲ, ಗುರುತುಗಳು ಅಲ್ಲಾಡಲಿಲ್ಲ. ಈಗ ಟ್ಯಾಂಕಿನ ಎಡ ಅಂಚಿಗೆ ಚಿಮಣಿ. ಇಷ್ಟೆಲ್ಲ ಆಗುವಾಗ ನಿಮ್ಮ ಮಗಳು ಬೆನ್ನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ನಿದ್ದೆ ಬೇಕೆಂದರೆ ಇಂಜಿನ್ ಹಾಕಬೇಕು ಎಂದು ಈಗ ಗೊತ್ತಾಯಿತು, ಡೀಸೆಲ್ಲಿಗೆ ನೀವೇ ದಾರಿ ನೋಡಿ.

ಆದ್ದರಿಂದ ಅಕ್ಕನಿಗೆ ಕೋಣೆ ಬೇಡವೆಂದು ನಾನೇ ಹೇಳಿ ಕಳಿಸಿದ್ದೇನೆ. ದೋಣಿ ಜಾರುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಜಾರಿದರೆ ನನಗೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಏನು ಮಾಡಬೇಕೆಂಬುದೂ ಗೊತ್ತು. ಅಷ್ಟು ಧೈರ್ಯ ನನಗೆ ಬಂದಿದೆ. ಮಾವ ನಿಮ್ಮನ್ನು ಕೇಳಿದ್ದಾರೆ. ಪೇಂಟರ್ ನಾಚಿಕೊಂಡು ನಮ್ಮ ದೋಣಿಯ ಹೆಸರನ್ನು ಪುಕ್ಕಟೆಯಾಗಿ ಹೊಸದಾಗಿ ಬರೆದುಕೊಡುತ್ತಾನಂತೆ. ಪಾಪಚ್ಚಿ ನಿಮಗೆ ಕಳಿಸಿದ ಮುತ್ತು ಈ ಕಾಗದದ ಮೂಲೆಯಲ್ಲಿದೆ. ಒದ್ದೆ ಕಲೆ ನೋಡಿ ಸಮುದ್ರದ ನೀರು ಎಂದುಕೊಳ್ಳಬೇಡಿ.

ಮೈ ನೋಡಿಕೊಳ್ಳಿ, ಬೇಗ ಬನ್ನಿ.

ನಿಮ್ಮ,
ಕಾವಲುಗಾತಿ

ವಿ. ಸೂ.: ಇಲ್ಲಿಯವರೆಗಿನದನ್ನು ಮಾವನವರಿಗೆ ಓದಿ ಹೇಳಿದೆ. ನಕ್ಕು, ಮಲಗಲು ಹೋದರು. ಇದು ಆಮೇಲೆ ಬರೆದದ್ದು, ಬೋಟಿನವರು ಕೂಗುತ್ತಿದ್ದಾರೆ, ಅವಸರ. ಮಾವ ಅವತ್ತು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ ರೀ. ಅವರಿಗೆ ಚಿಮಣಿ ಕಾಣುವುದಿಲ್ಲ. ಕಣ್ಣು ಪಕ್ಕದ ದೋಣಿಯವರೆಗೆ ಮಾತ್ರ ಹೋಗುತ್ತದೆ, ಅದಕ್ಕೇ ಅದನ್ನೇ ನಂಬಿದ್ದರು. ಲಂಗರು ನಿಂತ ಮೇಲೆ ತಮಾಷೆಗೆಂದು "ನೀವೇ ತೋರಿಸಿ ಮಾವಾ, ಟ್ಯಾಂಕು ಎಲ್ಲಿದೆ" ಎಂದೆ. ಖಾಲಿ ಆಕಾಶದ ಕಡೆ ಕೈ ತೋರಿಸಿದರು. ಆ ಕೈಯನ್ನು ಮೆಲ್ಲಗೆ ಇಳಿಸಿ, "ಅವನಿಗೆ ಬರೀಬೇಡ, ನನ್ನನ್ನ ದಡಕ್ಕೆ ಹಾಕಿಬಿಡ್ತಾನೆ" ಎಂದರು. ನಾನು ಹೂಂ ಅನ್ನಲಿಲ್ಲ. ಬಂದಾಗ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಅಲ್ಲಿಯವರೆಗೆ ನೋಡುವುದು ನಾನು, ಹಿಡಿಯುವುದು ಅವರು, ನಡೆಯುತ್ತದೆ. ಉತ್ತರದಲ್ಲಿ "ಅಪ್ಪಾ, ಇವಳಿಗೆ ಸರಪಳಿ ಎಳೆಯೋದು ಕಲಿಸಿ" ಎಂದು ಒಂದು ಸಾಲು ಹಾಕಿ, ದೋಣಿ ಬಿಡಿಸುವುದಿಲ್ಲ ಎಂದು ಅವರಿಗೆ ಸಮಾಧಾನವಾಗಲಿ. ಕಣ್ಣಿನ ಸುದ್ದಿ ಮಾತ್ರ ಬೇಡವೇ ಬೇಡ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಬೇಕಾದವಳು ನಾನೇ.