ಉಪ್ಪು ತಿಂದ ಬೇರಿಂಗು

ಅಲ್ಲ ಭಾಲಚಂದ್ರ ಕಾಕಾ, ನಿಮ್ಮ ರೀಲು ತಿರುಗದಿದ್ದರೆ ಅದು ನನ್ನೊಬ್ಬನ ತಪ್ಪೇ? ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನೀವು ನೌಕರಿಗೆ ಕಾರವಾರಕ್ಕೆ ಹೋದಿರಿ, ಸಮುದ್ರದಲ್ಲಿ ಗಾಳ ಹಾಕುವುದನ್ನು ಕಲಿತಿರಿ. ದೀಪಾವಳಿಗೆ ಔರಾದಿಗೆ ಬಂದಾಗ ಗಾಳದ ದಾರ ಸುತ್ತುವ ರೀಲನ್ನು ನನ್ನ ಕೈಗಿಟ್ಟು, "ಮೊದಲ ಸಿಹಿ ನೀರಾಗ ತೊಳಿ, ಆಮ್ಯಾಲ ಎರಡ ಹನಿ ಎಣ್ಣಿ ಬಿಡು" ಎಂದಿರಿ.

ಅಷ್ಟರಲ್ಲಿ ಅಜ್ಜಿ, "ಮೀನ ಮುಟ್ಟಿದ್ದು ನನ್ನ ಬಾವಿಕಟ್ಟಿಗಿ ಬರಬಾರ್ದು. ಅವನೂ ಬರಬಾರ್ದು" ಎಂದರು. ನೀವು ಅಂದೇ ಬಸ್ಸು ಹತ್ತಿದಿರಿ. ನಾನು ರೀಲನ್ನು ಕೊಟ್ಟಿಗೆಯಲ್ಲಿ ಬಚ್ಚಿಟ್ಟೆ. ತೊಳೆಯಲಿಲ್ಲ. ವಾರವಾರ ಬಂಡಿಯ ಗ್ರೀಸು ಮಾತ್ರ ತುಂಬಿದೆ.

ಇವತ್ತು ಭಾಲ್ಕಿಯ ಸೈಕಲ್ ಅಂಗಡಿಯಲ್ಲಿ ಕಾಶೀರಾಮ ಅದನ್ನು ಬಿಚ್ಚಿದ. ಬೇರಿಂಗಿನೊಳಗೆ ಉಪ್ಪು, ತುಕ್ಕು, ಗ್ರೀಸು ಒಂದಾಗಿ ಕಲ್ಲಾಗಿದ್ದವು.

"ಏನ್ರಿ ಸಾವ್ಕಾರ್ರ, ಇದೇನ್ ಎತ್ತಿನ ಬಂಡಿ ಅಂತ ತಿಳದೀರೇನು? ಉಪ್ಪಿನ ಮ್ಯಾಲ ಗ್ರೀಸ್ ಬಡದೀರಿ. ಒಂದ್ ತಂಬಗಿ ನೀರ್ ಹಾಕಿದ್ರ ಉಳೀತಿತ್ತು."

"ಹೊಸಾದು ಹಾಕ್ರಿ."

"ಇಷ್ಟ ಸಣ್ಣದು ಸೈಕಲ್‌ನಾಗ ಎಲ್ಲಿರ್ತದ್ರಿ? ಕಾರವಾರದಾಗ ಕೇಳ್ರಿ."

ಕಾರವಾರದಲ್ಲಿ ಯಾರನ್ನು ಕೇಳಲಿ? ಆ ದಿನ ನೀವು ಅಂಗಳದಲ್ಲಿ ನಿಂತು ನನ್ನ ಮುಖ ನೋಡಿದಾಗ, ನಾನು ತಲೆ ತಗ್ಗಿಸಿ ರೀಲಿನ ಹಿಡಿಕೆ ತಿರುಗಿಸುತ್ತಿದ್ದೆ. ಆಗ ಅದು ಎಷ್ಟು ಸಲೀಸಾಗಿ ತಿರುಗುತ್ತಿತ್ತು!

ಮೂರು ವರ್ಷದಲ್ಲಿ ನೀವು ಒಂದೂ ಕಾಗದ ಬರೆಯಲಿಲ್ಲ. ಈ ಕಾಗದವನ್ನು ನಾನೂ ಅಂಚೆಗೆ ಹಾಕುವುದಿಲ್ಲ, ಅದಕ್ಕೇ ನೇರವಾಗಿ ಕೇಳುತ್ತೇನೆ: ಈ ಕೆಟ್ಟ ಬೇರಿಂಗು ಹಿಡಿದು ನಾನೇ ಬಂದು ನಿಂತರೆ, ಬಾಗಿಲು ತೆಗೆಯುತ್ತೀರಾ?