ದಾನಮ್ಮನ ಮೈಕಿಗೆ ಎದ್ದು ನಿಂತ ಡಬ್ಬಿ

೧೧ ಜನವರಿ, ಭಾಲ್ಕಿ
ಬೆಳಿಗ್ಗೆ ಚಹಾ, ಮೈಕ್‌ಸೆಟ್ ಅಂಗಡಿ, ಒಂದು ಆಂಪ್ಲಿಫೈಯರ್ ರಿಪೇರಿ. ಮಧ್ಯಾಹ್ನ ಬೀದರ ಕಾಲೇಜಿನಿಂದ ಮೊಮ್ಮಗಳು ಮಂಜಿರಿಯ ಫೋನು. ಅಳುವುದೊಂದೇ ಬಾಕಿ. ಚಿಂತಾಕಿಯ ಬಸವ ಮಂಟಪದ ಮಾಳಿಗೆ ಮೇಲೆ ಕೂರಿಸಿದ, ಅವಳೇ ಕಾಲೇಜಿನಲ್ಲಿ ಕಟ್ಟಿದ ರೇಡಿಯೊ ಡಬ್ಬಿ, ಮಂಟಪ ನಡೆಸುವ ದಾನಮ್ಮನವರ ವಚನದ ನಡುವೆ ಗರಗರ ಎಂದಿತಂತೆ. ಅವರದು ವೈರ್‌ಲೆಸ್ ಮೈಕು—ನಾನೇ ಮಾರಿದ್ದು.

ಡಬ್ಬಿಯ ಕೆಲಸ ಇಷ್ಟೇ. ಗಾಳಿಗೆ ಕಿವಿಗೊಡುವುದು, ಖಾಲಿ ಟಿ.ವಿ. ಚಾನೆಲ್ ಸಿಕ್ಕರೆ ಕೂರುವುದು, ಹಕ್ಕಿನವರು—ಟಿ.ವಿ.ಯೋ, ಇಂಥ ಮೈಕೋ—ಬಂದರೆ ಎದ್ದು ಬೇರೆ ಚಾನೆಲ್ಲಿಗೆ ಹೋಗುವುದು. ಬಸ್ಸಿನ ಸೀಟಿನ ಹಾಗೆ. ಈ ಸಲ ಮೈಕು ಟವೆಲ್ ಹಾಕಿಟ್ಟದ್ದು ಡಬ್ಬಿಗೆ ಕಾಣಲಿಲ್ಲ, ಅಷ್ಟೇ. ಆದರೆ ಆ ಡಬ್ಬಿಯಿಂದಲೇ ಊರಿನ ನರ್ಸ್ ಮುಕ್ತಾ ಔರಾದದ ಡಾಕ್ಟರರಿಗೆ ರೋಗಿಗಳನ್ನು ತೋರಿಸುವುದು. ಮೊಬೈಲ್ ಸಿಗ್ನಲ್ ಆ ಊರಲ್ಲಿ ನೆಟ್ಟಗೆ ಹತ್ತುವುದಿಲ್ಲ.

ದಾನಮ್ಮನವರ ಮಾತು: "ಎವ್ವಾ, ಮತ್ತೊಮ್ಮಿ ನನ್ನ ದನಿ ಮ್ಯಾಲ ಕುಂತ್ರ ಡಬ್ಬಿ ಕೆಳಗ ಇಳಸ್ತೇನಿ ನೋಡು."

೧೯ ಜನವರಿ
ಮಂಜಿರಿ ಡಬ್ಬಿ ಹೊತ್ತು ಬಂದಳು. ಮೈಕು ಎಲ್ಲಿತನಕ ಡಬ್ಬಿಗೆ ಕೇಳಿಸುತ್ತದೆಂದು ನೋಡಲು ನಾನು ಅದನ್ನು ಹಿಡಿದು ಬಜಾರದಲ್ಲಿ ನಡೆದೆ.
"ಗುರುನಾಥಕಾಕಾ, ಎಲೆಕ್ಷನ್ಯಾಗ ನಿಂತ್ರೇನ್ರಿ?"—ಎದುರಂಗಡಿ ಮಕ್ಬೂಲ.
ಗೋಡೆ ಅಡ್ಡ ಬಂದರೆ ಡಬ್ಬಿ ಕಿವುಡು! ಆ ತಪ್ಪು ಮಂಜಿರಿಯೇ ಹಿಡಿದಳು.
"ಮುತ್ಯಾ, ಒಂದು ಕಿವಿ ಸಾಲಾಂಗಿಲ್ಲ. ಮಂಟಪದ ಒಳಗ ಇನ್ನೊಂದು ಇಡ್ತೇನಿ."

೨ ಫೆಬ್ರವರಿ, ಚಿಂತಾಕಿ, ಸಂಜೆ
ಪರೀಕ್ಷೆ. ನೋಡಲು ಬಂದವರು ಮಂಜಿರಿಯ ಕಾಲೇಜಿನ ಅಬ್ದುಲ ಸಮದ ಸರ್. ಮಧ್ಯಾಹ್ನವೆಲ್ಲ ಡಬ್ಬಿಗೆ ಜೋಡಿಸಿದ ಮುಕ್ತಾಳ ಫೋನಿನಲ್ಲಿ ಔರಾದದ ಡಾಕ್ಟರು ಕನ್ನಡಿಯಲ್ಲಿದ್ದಂತೆ ಸ್ಪಷ್ಟ. ಊರೆಲ್ಲ ಚಪ್ಪಾಳೆ. ಸರ್ ಮಾತ್ರ ಕೈ ಕಟ್ಟಿ ನಿಂತಿದ್ದರು.
"ಮೈಕೇ ಹಚ್ಚಿಲ್ಲಲ್ರಿ! ಇದು ಯಾರಿಗಿ ದಾರಿ ಬಿಟ್ಟದ? ಹಿಂಗಾದ್ರ ಡಬ್ಬಿ ಬಿಚ್ಚೋದೇ."
ಮಂಜಿರಿ ದಾನಮ್ಮನವರ ಕಡೆ ನೋಡಿದಳು.
"ಬೀದರದಿಂದ ಪಾವಣ್ಯಾರು ಬಂದಾರ, ಪರೀಕ್ಷಾ ನಡದದ. ನಾ ಹ್ಯಾಂಗ ಒದರ್ಲಿ? ಗಿರಣಿ ಸೈತ ಬಂದ್ ಮಾಡಿಸೀನಿ!"
ಮರ್ಯಾದೆಗೆ ಊರೇ ಬಾಯಿ ಮುಚ್ಚಿ ಕೂತಿತ್ತು…
ಮಂಜಿರಿ ನಕ್ಕೇಬಿಟ್ಟಳು. "ಅಮ್ಮಾ, ನೀವು ಸುಮ್ಮ ಕುಂತ್ರ ನಾ ಫೇಲ್ ರೀ. ಜೋರಲೆ ಹಾಡ್ರಿ!"

ದಾನಮ್ಮನವರು ಸೆರಗು ಸರಿಮಾಡಿಕೊಂಡು ಮೈಕು ಹಚ್ಚಿದರು. ವಚನ ಎದ್ದಿತು—ಗರಗರ ಇಲ್ಲ! ಲ್ಯಾಪ್‌ಟಾಪಿನಲ್ಲಿ ಡಬ್ಬಿ ಕೂತ ಚಾನೆಲ್ ತೋರಿಸುವ ಹಸಿರು ಗೆರೆ ಟಣ್ಣನೆ ಪಕ್ಕದ ಚಾನೆಲ್ಲಿಗೆ. ಫೋನಿನಲ್ಲಿ ಡಾಕ್ಟರ ಮುಖ ಹಾಗೇ ಇದೆ. ಅವರು ತಲೆದೂಗುತ್ತಿದ್ದಾರೆ: "ಮುಕ್ತಾ, ಯಾರವ್ವಾ ಹಾಡೋರು? ಔರಾದ ತನಕ ಛಂದ ಕೇಳಸ್ಲಾಕತ್ತದ."
ಸಮದ ಸರ್ ಈಗ ಕೈ ಬಿಚ್ಚಿದರು. ಮೊದಲ ಚಪ್ಪಾಳೆ ಅವರದೇ.

೬ ಫೆಬ್ರವರಿ, ಭಾಲ್ಕಿ
ದಾನಮ್ಮನವರ ಫೋನು. ಡಬ್ಬಿ ಇರಲಿ ಅಂದರು. ಈಗ ಹಾಡಿಲ್ಲದಿದ್ದರೂ ಮೈಕು ಹಚ್ಚುತ್ತಾರಂತೆ—ಡಬ್ಬಿ ಎದ್ದು ದಾರಿ ಬಿಡುವುದನ್ನು ನೋಡಲಿಕ್ಕೆ. "ಸೆಲ್ ಎಲ್ಲಾ ತೀರ್ಯಾವ್ರಿ, ಗುರುನಾಥಪ್ಪ. ಜಲ್ದಿ ಬರ್ರಿ." ಅಂಗಡಿಯಲ್ಲಿದ್ದ ಸೆಲ್ಲೆಲ್ಲ ಚೀಲಕ್ಕೆ ಹಾಕಿದೆ. ಔರಾದ ಬಸ್ಸು ಹಾರ್ನ್ ಹೊಡೆಯುತ್ತಿದೆ. ಮಕ್ಬೂಲ ಸೀಟಿಗೆ ಟವೆಲ್ ಹಾಕಿ ಕೂಗುತ್ತಿದ್ದಾನೆ, ಉಳಿದದ್ದು ಬಂದ ಮೇಲೆ ಬರೆ—